ಎರವಲು ದನಿ

ಏಪ್ರಿಲ್ ತಿಂಗಳಲ್ಲಿ ಸೇಲಂನ ಆಸ್ಪತ್ರೆಯೊಂದರಲ್ಲಿ ಶಶಿರೇಖಾಳ ಕತ್ತಿನ ಗಂಟನ್ನು ತೆಗೆದರು. ಗಂಟು ದನಿಯ ನರಕ್ಕೆ ಅಂಟಿಕೊಂಡೇ ಬೆಳೆದಿದೆ, ನರ ಉಳಿಸಲು ಹೋದರೆ ಗಂಟೂ ಉಳಿಯುತ್ತದೆ, ಗಂಟು ಉಳಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಒಪ್ಪಿಗೆಯ ಕಾಗದವನ್ನು ಗಂಡ ಶಿವರಾಮ ತಿರುಗಿಸಿ ತಿರುಗಿಸಿ ಓದಿ ಸಹಿ ಹಾಕಿದ, ಅವಳು ಓದದೆಯೇ ಹಾಕಿದಳು. ನಲವತ್ತೊಂದು ವರ್ಷದ ಸಂಗೀತ ಟೀಚರು ಅವಳು. ಹಾಡದೆಯೂ ಬದುಕಬಹುದು ಎಂದು ಆ ಗಳಿಗೆಯಲ್ಲಿ ನಿಜವಾಗಿ ನಂಬಿದ್ದಳು.

ಜೂನ್ ಹೊತ್ತಿಗೆ ಮಾತು ಬಂತು. ಒರಟು, ಗಾಳಿ ಬೆರೆತ ಮಾತು. ಹಾಡು ಬರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಹಾರ್ಮೋನಿಯಂ ಇಟ್ಟುಕೊಂಡು ನೋಡಿದಳು. ಕೆಳಗಿನ ನಾಲ್ಕು ಸ್ವರ ಹೇಗೋ ನಿಲ್ಲುತ್ತಿದ್ದವು, ಐದನೆಯದಕ್ಕೆ ಹೋದರೆ ದನಿ ಎರಡಾಗಿ ಸೀಳುತ್ತಿತ್ತು. ಪೆಟ್ಟಿಗೆ ಮುಚ್ಚಿಟ್ಟು ಅಡುಗೆಮನೆಗೆ ಹೋದಳು. ಮಾತು ಬಂದಂತೆ ಹಾಡೂ ಬರುತ್ತದೆ ಎಂದುಕೊಂಡಿದ್ದ ಶಿವರಾಮನಿಗೂ ಹೇಳಲಿಲ್ಲ.

ಅವಳದು ತಮಿಳು ಮಾಧ್ಯಮದ ಸರ್ಕಾರಿ ಶಾಲೆ, ಧರ್ಮಪುರಿ ಜಿಲ್ಲೆಯ ಪಾಲಕೋಡಿನಾಚೆ ಸೀಗೆಹಳ್ಳಿಯಲ್ಲಿ. ಅದಿಯಮಾನ್‌ಕೋಟೆಯ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕು. ಹನ್ನೆರಡು ವರ್ಷದಿಂದ ಅಲ್ಲಿ ಅರೆಕಾಲಿಕ ಟೀಚರು. ವರ್ಷ ವರ್ಷವೂ ಹೆಸರು ಹೊಸದಾಗಿ ಪಟ್ಟಿಗೆ ಸೇರಬೇಕು. ಹೆಡ್‌ಮಾಸ್ಟರ್ ಮುರುಗೇಶನ್ ಗಂಟಲು ಹೇಗಿದೆ ಎಂದು ತಮಿಳಿನಲ್ಲಿ ವಿಚಾರಿಸಿದಾಗ, ಇನ್ನೊಂದೆರಡು ತಿಂಗಳಲ್ಲಿ ಸರಿಹೋಗುತ್ತದೆ ಸಾರ್ ಎಂದುಬಿಟ್ಟಳು. ಸರಿಹೋಗುವುದಿಲ್ಲ ಎಂಬುದು ಅವಳಿಗೂ ಡಾಕ್ಟರಿಗೂ ಮಾತ್ರ ಗೊತ್ತಿತ್ತು.

ಮೊದಲ ವಾರ ಹಾರ್ಮೋನಿಯಂನಲ್ಲೇ ಕಾಲ ತಳ್ಳಿದಳು. ಪೆಟ್ಟಿಗೆ ಸ್ವರ ಕೊಡುತ್ತದೆ, ಆದರೆ ಮಾತು ಸ್ವರದ ಮೇಲೆ ಹೇಗೆ ಕೂರಬೇಕು, ಉಸಿರು ಎಲ್ಲಿ ತೆಗೆಯಬೇಕು ಎಂಬುದನ್ನು ಅದು ತೋರಿಸುವುದಿಲ್ಲ. ಮಕ್ಕಳು ದಿಕ್ಕಿಗೊಬ್ಬರಂತೆ ಹಾಡಿದರು. ಹಿಂದಿನ ಬೆಂಚಿನ ಹುಡುಗರು ಅವಳ ಕರಕರ ದನಿಯನ್ನು ಅಣಕಿಸಿದರು. ಹೊಡೆಯುವವಳಲ್ಲ, ಗದರಿಸಲು ದನಿಯಿಲ್ಲ. ಸುಮ್ಮನೆ ಕಿಟಕಿಯ ಕಡೆ ತಿರುಗಿ ನಿಂತಳು.

ಆ ಜೂನ್‌ನಲ್ಲಷ್ಟೇ ಶಾಲೆಗೆ ಸೇರಿದ್ದ ಒಂಬತ್ತನೆಯ ತರಗತಿಯ ಭುವನಾಳನ್ನು ಅವಳು ಮೊದಲು ಕಂಡದ್ದು, ಅಥವಾ ಕೇಳಿದ್ದು, ಆ ವಾರದ ಕೊನೆಯಲ್ಲಿ, ಬಸ್ ನಿಲ್ದಾಣದಲ್ಲಿ. ರಸ್ತೆಯಾಚೆಯ ಬೋರೆಯ ಮೇಲೆ ಕುರಿಗಳು ಚೆದುರಿದ್ದವು. ಕೆಳಗೆ ನಿಂತ ಹುಡುಗಿಯೊಬ್ಬಳು ಅವನ್ನು ಕರೆಯುತ್ತಿದ್ದಳು. ಕರೆ ಎಂದರೆ ಕಿರುಚಾಟವಲ್ಲ. ಒಂದೇ ಎತ್ತರದಲ್ಲಿ ಹೊರಟು, ಕೊನೆಯಲ್ಲಿ ಮೇಲಕ್ಕೆ ಬಾಗಿ, ಅಲ್ಲೇ ಅಲುಗದೆ ನಿಲ್ಲುವ ದನಿ. ಶಶಿರೇಖಾ ಬಸ್ಸು ಬಂದರೂ ಹತ್ತಲಿಲ್ಲ. ರಸ್ತೆ ದಾಟಿ ಹೋಗಿ, ಹುಡುಗಿ ಮರಿಯೊಂದನ್ನು ಕನ್ನಡದಲ್ಲಿ ಗದರಿದ್ದು ಕಿವಿಗೆ ಬಿದ್ದು, ತನ್ನ ಮನೆಮಾತೂ ಆದ ಆ ಕನ್ನಡದಲ್ಲೇ ಕೇಳಿದಳು.

"ಯಾರ ಮಗಳವ್ವ ನೀನು?"

ಹುಡುಗಿ ಬೆಚ್ಚಿದಳು. ಶಾಲೆಯಲ್ಲಿ ಯಾರೂ ಅವಳೊಂದಿಗೆ ಮನೆಮಾತು ಆಡಿದವರಲ್ಲ. ಮನೆಯಲ್ಲಿ ಕನ್ನಡ ಆಡುತ್ತಾರೆ ಎಂಬುದನ್ನು ಗೆಳತಿಯರಿಂದ ಅವಳು ಮುಚ್ಚಿಟ್ಟೂ ಇದ್ದಳು. ಆಮೇಲೆ ನಿಧಾನವಾಗಿ, ಕುರಿ ಚಿಕ್ಕಣ್ಣನ ಮಗಳು ಎಂದಳು.

ಸೋಮವಾರ ಶಶಿರೇಖಾ ಅವಳನ್ನು ಹಾರ್ಮೋನಿಯಂ ಪಕ್ಕ ನಿಲ್ಲಿಸಿಕೊಂಡಳು. ಒಂದು ಸಾಲನ್ನು ಪೆಟ್ಟಿಗೆಯ ಮೇಲೆ ನುಡಿಸಿ, ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಕಿವಿಯಲ್ಲಿ ಹೇಳಿದಳು. ಭುವನಾ ಹಾಡಿದಳು. ಮೂರನೆಯ ಸಲಕ್ಕೆ ಶಶಿರೇಖಾ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದ ಸಾಲೇ ಹೊರಗೆ ಕೇಳಿಸಿತು. ಹಿಂದಿನ ಬೆಂಚಿನ ಹುಡುಗರೂ ಮುಂದಕ್ಕೆ ಬಾಗಿ ಕುಳಿತಿದ್ದರು.

ಹಾಗೆ ಶುರುವಾಯಿತು. ಮೊದಲು ಒಂಬತ್ತನೆಯ ತರಗತಿಗೆ ಮಾತ್ರ. ಜುಲೈನಲ್ಲಿ ಆರು, ಏಳು, ಎಂಟಕ್ಕೂ. ಶಶಿರೇಖಾ ಬರುವ ದಿನಗಳಲ್ಲಿ ಹುಡುಗಿ ತನ್ನ ಪಾಠ ಬಿಟ್ಟು ತರಗತಿಯಿಂದ ತರಗತಿಗೆ ಅವಳ ಹಿಂದೆ ಬರುತ್ತಿದ್ದಳು. ಬೆಳಗಿನ ಪ್ರಾರ್ಥನೆಗೂ ಅವಳೇ. ಊಟದ ಬಿಡುವಿನಲ್ಲಿ, ಸಂಜೆಯ ಗಂಟೆ ಹೊಡೆದ ಮೇಲೆ ಗುಂಪು ಹಾಡಿನ ಅಭ್ಯಾಸ, ಅದಕ್ಕೂ ಅವಳೇ. ಚಿಕ್ಕ ಮಕ್ಕಳು ಅವಳನ್ನು ತಮಿಳಿನಲ್ಲಿ 'ಚಿನ್ನ ಟೀಚರ್', ಎಂದರೆ ಚಿಕ್ಕ ಟೀಚರ್, ಎನ್ನತೊಡಗಿದರು. ಎರಡು ಜಡೆ ಹಾಕಿಕೊಂಡು ಗೋಡೆಯ ಬದಿಗೆ ನಡೆಯುತ್ತಿದ್ದ ಹುಡುಗಿ ಈಗ ವರಾಂಡದ ನಡುವೆ ನಡೆಯುತ್ತಿದ್ದಳು. ಆಗಸ್ಟ್ ಹದಿನೈದರ ಧ್ವಜಾರೋಹಣಕ್ಕೆ ಇಪ್ಪತ್ತೆರಡು ಮಕ್ಕಳು ಹಾಡಿದಾಗ ಮುರುಗೇಶನ್ ಬಂದು ಶಶಿರೇಖಾಳಿಗೆ ಕೈ ಮುಗಿದರು. ಆಪರೇಷನ್ ಆದ ವರ್ಷವೇ ಮಕ್ಕಳು ಇಷ್ಟು ಚೆನ್ನಾಗಿ ಹಾಡಿದ್ದಾರೆ ಎಂದರು. ಅವಳು ನಕ್ಕಳು. ಒಳಗೆ ಎಲ್ಲೋ ಒಂದು ಕಡೆ ಚುಚ್ಚಿತು, ಆದರೆ ಅದನ್ನು ನಿಂತು ನೋಡಲಿಲ್ಲ.

ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಗಳ ಕಲಾ ಸ್ಪರ್ಧೆ. ತಾಲ್ಲೂಕು ಮಟ್ಟದ್ದು ಪಾಲಕೋಡಿನಲ್ಲಿ ನಡೆಯಿತು. ಸಾಮೆ ಬಿತ್ತನೆಯ ಮೇಲೆ ತಮಿಳು ಟೀಚರ್ ಮಾಲತಿ ಬರೆದ ಹಾಡಿಗೆ ಶಶಿರೇಖಾ ರಾಗ ಕೂಡಿಸಿದ್ದಳು. ಭುವನಾಳ ಒಂಟಿ ಹಾಡಿಗೆ ಮೊದಲ ಬಹುಮಾನ ಬಂತು. ಮುಂದಿನದು ಜಿಲ್ಲಾ ಮಟ್ಟ, ಧರ್ಮಪುರಿಯಲ್ಲಿ, ನವೆಂಬರ್ ಕೊನೆಗೆ. ಅಭ್ಯಾಸ ಎರಡರಷ್ಟಾಯಿತು. ಸಂಜೆ ಮನೆಗೆ ಹೋದ ಮೇಲೆ ಹುಡುಗಿ ಕುರಿ ಕರೆಯುವುದೂ ತಪ್ಪಿರಲಿಲ್ಲ.

ಸ್ಪರ್ಧೆಗೆ ಹತ್ತು ದಿನ ಇರುವಾಗ ಮೇಲಿನ ಸ್ವರದಲ್ಲಿ ಭುವನಾಳ ದನಿ ಒಮ್ಮೆ ತಡವರಿಸಿತು. ಬೇರೆ ಯಾರಿಗೂ ತಿಳಿಯದಷ್ಟು. ಶಶಿರೇಖಾಳಿಗೆ ತಿಳಿಯಿತು. ದನಿಗೆ ಮುಂಚೆ ಒಂದಿಷ್ಟು ಗಾಳಿ ಬರುವ ಆ ಸದ್ದನ್ನು ಹಿಂದಿನ ವರ್ಷ, ಗಂಟು ಬೆಳೆಯುತ್ತಿದ್ದಾಗ, ತನ್ನ ಗಂಟಲಲ್ಲೇ ಕೇಳಿದ್ದಳು. ಪೆಟ್ಟಿಗೆಯ ಮೇಲೆ ಬೆರಳುಗಳು ನಿಂತವು. ನೋವಿದೆಯೇ ಎಂದು ಕೇಳಿದಳು. ಇಲ್ಲ ಎಂದು ಹುಡುಗಿ ತಲೆಯಾಡಿಸಿದಳು. ಮನೆಗೆ ಕಳಿಸಬೇಕಿತ್ತು. ಬದಲಿಗೆ ಕೈಚೀಲದಿಂದ ಕಲ್ಲುಸಕ್ಕರೆ, ಮೆಣಸು ತೆಗೆದುಕೊಟ್ಟು, ಇನ್ನೊಂದು ಸಲ ಹಾಡು ಎಂದಳು. ಮರುದಿನವೂ. ಅದರ ಮರುದಿನವೂ. ಸ್ಪರ್ಧೆ ಮುಗಿಯಲಿ, ಆಮೇಲೆ ಒಂದು ವಾರ ಬಿಡುವು ಕೊಡೋಣ ಎಂದು ಬಸ್ಸಿನಲ್ಲಿ ಕುಳಿತು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಸ್ಪರ್ಧೆಗೆ ಮೂರು ದಿನ ಉಳಿದಿದ್ದಾಗ, ಊಟದ ಬಿಡುವಿನಲ್ಲಿ, ಸಾಲಿನ ನಡುವೆ ದನಿ ನಿಂತುಹೋಯಿತು. ಭುವನಾ ಬಾಯಿ ತೆರೆದೇ ಇದ್ದಳು, ತುಟಿ ಆಡುತ್ತಿತ್ತು, ಏನೂ ಬರಲಿಲ್ಲ. ಕತ್ತು ಹಿಡಿದುಕೊಂಡು ಟೀಚರ ಮುಖ ನೋಡಿದಳು.

ಅಂದೇ ಮಧ್ಯಾಹ್ನ ಮುರುಗೇಶನ್‌ರಿಗೆ ಹೇಳಿ ಶಶಿರೇಖಾ ಅವಳನ್ನು ಧರ್ಮಪುರಿಯ ಗಂಟಲು ಡಾಕ್ಟರ ಬಳಿಗೆ ಕರೆದೊಯ್ದಳು. ತಾಯಿ ವೆಂಕಟಲಕ್ಷ್ಮಮ್ಮ ಟೊಮೇಟೊ ಕೊಯ್ಯುವ ಕೆಲಸ ಬಿಟ್ಟು, ಹೊಲದಿಂದ ಹಾಗೆಯೇ ಬಂದಳು. ಬೆರಳ ತುದಿಗಳಲ್ಲಿ ಗಿಡದ ಹಸಿರು ಕಲೆ ಇತ್ತು. ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ತೆಳು ಅಂಚುಗಳ ಮೇಲೆ ಎದುರುಬದುರಾಗಿ ಎರಡು ಊತ, ಸಾಮೆ ಕಾಳಿನಷ್ಟು. ಅತಿಯಾಗಿ ಬಳಸಿದ್ದರಿಂದ ಬಂದದ್ದು ಎಂದರು. ಎರಡು ವಾರ ಒಂದು ಮಾತೂ ಆಡಬಾರದು, ಪಿಸುಮಾತೂ ಕೂಡದು. ಆಮೇಲೆ ಮೂರು ತಿಂಗಳು ಹಾಡಬಾರದು, ಕೂಗಬಾರದು. ಕರಗಬಹುದು, ಕರಗದಿದ್ದರೆ ಆಪರೇಷನ್. ಮೊದಲಿನ ದನಿಯೇ ಬರುತ್ತದೆಯೇ ಎಂದು ಶಶಿರೇಖಾ ಕೇಳಿದಳು. ಹಾಗೆಂದು ಮಾತು ಕೊಡಲಾರೆ ಎಂದರು ಡಾಕ್ಟರು. ಆಮೇಲೆ ಶಶಿರೇಖಾಳ ಕತ್ತಿನ ಮೇಲಿನ ಆಪರೇಷನ್ ಗೆರೆಯನ್ನು ಒಮ್ಮೆ ನೋಡಿ ಚೀಟಿ ಬರೆದರು.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತರು. ಡಾಕ್ಟರ ಚೀಟಿಯನ್ನು ವೆಂಕಟಲಕ್ಷ್ಮಮ್ಮ ಸೆರಗಿನ ತುದಿಗೆ ಕಟ್ಟಿಕೊಂಡಳು.

ಮರುದಿನ ಶಶಿರೇಖಾ ಹೆಡ್‌ಮಾಸ್ಟರ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ತನ್ನ ದನಿ ಇನ್ನು ಬರುವುದಿಲ್ಲ ಎಂದು ಜೂನ್‌ನಲ್ಲೇ ಗೊತ್ತಿತ್ತು, ಅದನ್ನು ಮುಚ್ಚಿಟ್ಟು ಹುಡುಗಿಯ ದನಿಯಿಂದ ಪಾಠ ನಡೆಸಿದೆ, ದನಿ ಕೆಡುತ್ತಿದೆ ಎಂದು ತಿಳಿದ ಮೇಲೂ ಒಂದು ವಾರ ಹಾಡಿಸಿದೆ, ಕೆಲಸ ಬಿಡಲು ಸಿದ್ಧಳಿದ್ದೇನೆ ಎಂದೆಲ್ಲ ಅದರಲ್ಲಿ ಬರೆದಿತ್ತು. ಮುರುಗೇಶನ್ ಎರಡು ಸಲ ಓದಿದರು. ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ವಾಸಿ ಎನಿಸಿತು ಅವಳಿಗೆ. ಇದನ್ನು ಮೊದಲು ಹೇಳಬೇಕಾದದ್ದು ನನಗಲ್ಲ, ಆ ಮನೆಯವರಿಗೆ ಎಂದರು. ವಾರ್ಷಿಕೋತ್ಸವ ಮಾರ್ಚಿನಲ್ಲಿದೆ, ಅಲ್ಲಿಯವರೆಗೆ ಇರಿ, ಆಮೇಲೆ ನೋಡೋಣ, ಆದರೆ ಇನ್ನು ಮುಂದೆ ಯಾವ ಮಗುವೂ ಒಂಟಿಯಾಗಿ ಮುಂದೆ ನಿಂತು ಹಾಡುವುದು ಬೇಡ ಎಂದರು.

ಜಿಲ್ಲಾ ಸ್ಪರ್ಧೆಗೆ ಸೀಗೆಹಳ್ಳಿಯಿಂದ ಯಾರೂ ಹೋಗಲಿಲ್ಲ.

ಭಾನುವಾರ ಶಶಿರೇಖಾ ಚಿಕ್ಕಣ್ಣನ ಮನೆಗೆ ಹೋದಳು. ಬೋರೆಯ ಬುಡದಲ್ಲಿ ಶೀಟಿನ ಮನೆ, ಪಕ್ಕದಲ್ಲಿ ಮುಳ್ಳುಬೇಲಿಯ ಕುರಿದೊಡ್ಡಿ. ಚಿಕ್ಕಣ್ಣ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ವೆಂಕಟಲಕ್ಷ್ಮಮ್ಮ ಚಾಪೆ ಹಾಸಿ ನೀರು ಕೊಟ್ಟಳು. ಭುವನಾ ಗೋಡೆಗೆ ಒರಗಿ, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕುಳಿತಿದ್ದಳು. ಮನೆಯಲ್ಲಿ ಬೇಕಾದುದನ್ನು ಕೈಸನ್ನೆಯಲ್ಲಿ ಕೇಳುತ್ತಿದ್ದಳಂತೆ.

ಶಶಿರೇಖಾ ಸುತ್ತಿ ಬಳಸಲಿಲ್ಲ. ಕಾಗದದಲ್ಲಿ ಬರೆದದ್ದನ್ನೇ ಹೇಳಿದಳು. ಕಲ್ಲುಸಕ್ಕರೆ ಕೊಟ್ಟು ಹಾಡಿಸಿದ ವಾರದ ವಿಷಯವನ್ನೂ ಬಿಡಲಿಲ್ಲ. ವೆಂಕಟಲಕ್ಷ್ಮಮ್ಮ ಕೇಳುತ್ತಾ ಕೇಳುತ್ತಾ ನೆಲ ನೋಡುತ್ತಿದ್ದವಳು ತಲೆಯೆತ್ತಿದಳು.

"ದನಿ ನಿಂತೋದ್ರೆ ಏನಾಯ್ತದೆ ಅಂತ ನಮಗ್ಯಾರ್ಗೂ ಗೊತ್ತಿಲ್ಲ ಟೀಚರಮ್ಮ. ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ನನ್ ಮಗೀ ದನಿ ಎರವ್ಲು ಕೇಳುದ್ರಲ್ಲ."

ಶಶಿರೇಖಾ ನೀರಿನ ಲೋಟವನ್ನು ಚಾಪೆಯ ಬದಿಗೆ ಇಟ್ಟಳು. ಬಿಸಿಲು ಬಾಗಿಲಿನಿಂದ ಒಳಗೆ ಚಾಪೆಯ ಅಂಚಿನವರೆಗೆ ಬಂದಿತ್ತು. ದೊಡ್ಡಿಯಲ್ಲಿ ಒಂದು ಮರಿ ಬಿಡದೆ ಅರಚುತ್ತಿತ್ತು.

ಆಗ ಭುವನಾ ನೋಟ್‌ಬುಕ್ಕಿನಲ್ಲಿ ಏನೋ ಬರೆಯತೊಡಗಿದಳು. ಬರೆದು, ಹೊಡೆದುಹಾಕಿ, ಮತ್ತೆ ಬರೆದು ಟೀಚರ ಕೈಗೆ ಕೊಟ್ಟಳು. ಅಕ್ಷರ ತಮಿಳು, ಮಾತು ಕನ್ನಡ. ಕನ್ನಡ ಬರೆಯುವುದನ್ನು ಆ ಹುಡುಗಿಗೆ ಯಾರೂ ಕಲಿಸಿರಲಿಲ್ಲ. ಶಶಿರೇಖಾ ಮನಸ್ಸಿನಲ್ಲೇ ಓದಿದಳು.

"ಏನಂತೆ?" ಎಂದಳು ವೆಂಕಟಲಕ್ಷ್ಮಮ್ಮ. ಅವಳಿಗೆ ಓದು ಬರುತ್ತಿರಲಿಲ್ಲ. "ಜೋರಾಗಿ ಓದಿ."

ಶಶಿರೇಖಾ ತನ್ನ ಸೀಳು ದನಿಯಲ್ಲಿ ಓದಿದಳು. "ದೀವಳಿಗೆಯಿಂದ್ಲೇ ನೋಯ್ತಿತ್ತು. ನಾನೇ ಯೋಳಲಿಲ್ಲ. ಯೋಳಿದ್ರೆ ಟೀಚರ್ ಬೇರೆ ಯಾರನ್ನಾದ್ರೂ ನಿಲ್ಲಿಸ್ತಿದ್ರು. ಆಮೇಲೆ ನನ್ನ ಯಾರು ಕೇಳ್ತಾರೆ."

ಓದಿ ಮುಗಿಸುವಷ್ಟರಲ್ಲಿ ಕೊನೆಯ ಮಾತಿನಲ್ಲಿ ದನಿ ಪೂರ್ತಿ ಹೋಯಿತು. ಅವಳು ನೋಟ್‌ಬುಕ್ಕನ್ನು ಮುಚ್ಚಿ ಹುಡುಗಿಯ ಮಡಿಲಲ್ಲಿ ಇಟ್ಟಳು. ಇದು ನಿನ್ನ ತಪ್ಪಲ್ಲ ಎಂದಳು. ಹದಿನಾಲ್ಕು ವರ್ಷದವಳು ಹೆದರಿದರೆ ಅದನ್ನು ಕಂಡುಹಿಡಿಯಬೇಕಾದವಳು ನಾನು, ಕಂಡುಹಿಡಿದೂ ಹಾಡಿಸಿದೆ ಎಂದಳು. ಭುವನಾ ಅಳಲು ಶುರುಮಾಡಿದಳು. ಅಳುವಾಗಲೂ ದನಿ ಬರಬಾರದೆಂದು ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು. ಅದನ್ನು ನೋಡಿ ವೆಂಕಟಲಕ್ಷ್ಮಮ್ಮ ಎದ್ದು ಹೋಗಿ ಮಗಳನ್ನು ಅಪ್ಪಿಕೊಂಡಳು. ಟೀಚರ ಕಡೆ ತಿರುಗದೆಯೇ, ಈಗ ನೀವು ಓಗಿ ಎಂದಳು. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ಶಶಿರೇಖಾಳಿಗೆ ತಿಳಿಯಲಿಲ್ಲ.

ಆ ಸಂಜೆ ಅವಳು ಶಿವರಾಮನಿಗೆ ಎಲ್ಲವನ್ನೂ ಹೇಳಿದಳು, ಜೂನ್‌ನಲ್ಲಿ ಪೆಟ್ಟಿಗೆ ಮುಚ್ಚಿಟ್ಟ ದಿನದಿಂದ ಮೊದಲುಗೊಂಡು. ಅವನು ಕೇಳಿಸಿಕೊಂಡ. ನನಗಾದರೂ ಯೋಳಬಹುದಿತ್ತು ಎಂದಷ್ಟೇ ಅಂದ. ಅವಳು ಮೊದಲ ಸಲ ತನ್ನ ದನಿಗಾಗಿ ಅತ್ತದ್ದು ಆವತ್ತು.

ಪೊಂಗಲ್ ರಜೆ ಮುಗಿದ ಮೇಲೆ ಎಂಟನೆಯ ತರಗತಿಯ ಮುಂದೆ ನಿಂತು, ಇದೇ ನನ್ನ ದನಿ, ಇದರಲ್ಲಿ ನಾಲ್ಕು ಸ್ವರ ಉಳಿದಿವೆ, ಇದರಿಂದಲೇ ಕಲಿಸುತ್ತೇನೆ ಎಂದು ತಮಿಳಿನಲ್ಲಿ ಹೇಳಿದಳು. ಹೇಳಿ ಹಾಡಿದಳು. ನಾಲ್ಕನೆಯದನ್ನು ದಾಟಿದಾಗ ದನಿ ಸೀಳಿತು. ವೇಣು ಎಂಬ ಹುಡುಗ ಕಿಸಕ್ಕನೆ ನಕ್ಕ. ಅವನ ಹಿಂದೆ ಇನ್ನಿಬ್ಬರು ನಕ್ಕರು. ಅವಳು ಕಿಟಕಿಯ ಕಡೆ ತಿರುಗಲಿಲ್ಲ. ಸೀಳಿದ ಜಾಗಕ್ಕೆ ಮತ್ತೆ ಹೋದಳು, ಕೈಯನ್ನು ಇಷ್ಟೆತ್ತರ ಎಂದು ಎತ್ತಿ ಹಿಡಿದು, ನನ್ನ ಕೈ ಇರುವಲ್ಲಿಗೆ ನೀವು ಹೋಗಿ ಎಂದಳು. ಯಾರೂ ಹೋಗಲಿಲ್ಲ. ಮುಂದಿನ ತರಗತಿಯಲ್ಲೂ ಹೋಗಲಿಲ್ಲ. ಮೂರನೆಯ ವಾರ ಅದೇ ವೇಣು, ಬಹುಶಃ ಬೇಸರಕ್ಕೆ, ಹೋದ. ಸರಿಯಾಗಿ ಹೋದ. ತಾನೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡ. ಅವನನ್ನು ಕೇಳಿ ಪಕ್ಕದವನು ಹೋದ.

ಮೊದಲಿನ ಚಂದ ಬರಲಿಲ್ಲ. ಭುವನಾ ಮುಂದೆ ನಿಂತು ಹಾಡುವಾಗ ಮಕ್ಕಳು ಅವಳ ದನಿಯ ನೆರಳಿನಲ್ಲಿ ಹಾಡುತ್ತಿದ್ದರು, ತಪ್ಪುಗಳು ಅದರೊಳಗೆ ಮುಚ್ಚಿಹೋಗುತ್ತಿದ್ದವು. ಈಗ ಒಬ್ಬೊಬ್ಬರ ತಪ್ಪೂ ಕೇಳಿಸುತ್ತಿತ್ತು. ತಿದ್ದಲು ಹೊತ್ತು ಹಿಡಿಯುತ್ತಿತ್ತು. ಯಾರನ್ನೂ ಒಂದು ಗಳಿಗೆಗಿಂತ ಹೆಚ್ಚು ಒಂಟಿಯಾಗಿ ಹಾಡಲು ಬಿಡುತ್ತಿರಲಿಲ್ಲ, ಮೂವರು ಮೂವರಾಗಿ ಹಾಡಿಸುತ್ತಿದ್ದಳು.

ಭುವನಾ ಶಾಲೆಗೆ ಬರುತ್ತಿದ್ದಳು, ಮೆಲ್ಲಗೆ ಮಾತಾಡುತ್ತಿದ್ದಳು, ಸಂಗೀತದ ಪಿರಿಯಡ್‌ಗೆ ಮಾತ್ರ ಬರುತ್ತಿರಲಿಲ್ಲ. ತಾಯಿ ಬೇಡ ಎಂದಿದ್ದಳು. ಆ ಹೊತ್ತಿನಲ್ಲಿ ವರಾಂಡದ ತುದಿಯಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದಳು. ಶಶಿರೇಖಾ ಕರೆಯಲಿಲ್ಲ. ಕರೆಯುವ ಹಕ್ಕು ತನಗಿಲ್ಲ ಎಂದು ಅವಳಿಗನಿಸಿತ್ತು. ಫೆಬ್ರವರಿಯ ಒಂದು ದಿನ ಮಕ್ಕಳು ಹೋದ ಮೇಲೆ ಹುಡುಗಿ ತಾನಾಗಿ ಬಾಗಿಲಲ್ಲಿ ನಿಂತಳು.

"ಟೀಚರ್, ಪೆಟ್ಟಿ ಕಲಿಸ್ತೀರಾ? ಅಮ್ಮನ್ನ ಕೇಳಿವ್ನಿ. ಬಾಯಿ ತೆಗೀದಿದ್ರೆ ಸರಿ ಅಂತು."

ಕುರಿಮರಿ ಹಿಡಿದು ಅಭ್ಯಾಸವಾದ ಬೆರಳುಗಳು ಪೆಟ್ಟಿಗೆಯ ಕರಿ ಬಿಳಿ ಮನೆಗಳ ಮೇಲೆ ಗಟ್ಟಿಯಾಗಿ ಬೀಳುತ್ತಿದ್ದವು, ಮೊದಲ ವಾರ ಎರಡೆರಡು ಸ್ವರ ಒಟ್ಟಿಗೆ ಅರಚುತ್ತಿದ್ದವು. ಆದರೆ ಕಿವಿ ಮೊದಲಿನದೇ. ತಪ್ಪು ಬಿದ್ದ ಕೂಡಲೇ ಹುಬ್ಬು ಗಂಟಿಕ್ಕುತ್ತಿತ್ತು. ಇಬ್ಬರ ನಡುವೆ ಮೊದಲಿದ್ದ ಸಲಿಗೆ ಇರಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು, ಜೋಪಾನವಾಗಿ ಕೂರುತ್ತಿದ್ದರು.

ಮಾರ್ಚಿನ ವಾರ್ಷಿಕೋತ್ಸವಕ್ಕೆ ಊರವರೆಲ್ಲ ಶಾಲೆಯ ಮೈದಾನಕ್ಕೆ ಬಂದಿದ್ದರು. ಇಪ್ಪತ್ತೆರಡು ಮಕ್ಕಳು ಮೂರು ಸಾಲಾಗಿ ನಿಂತರು. ಭುವನಾ ಬದಿಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತಳು. ಮಾಲತಿ ಬರೆದ ಸಾಮೆ ಬಿತ್ತನೆಯ ಹಾಡು. ಮೊದಲ ಸಾಲನ್ನು ಯಾರಾದರೂ ಎತ್ತಿಕೊಡಬೇಕು. ಶಶಿರೇಖಾ ಮೈಕಿನ ಮುಂದೆ ಹೋಗಿ ನಿಂತು ಎತ್ತಿಕೊಟ್ಟಳು. ಆ ದನಿ ಮೈದಾನದ ತುದಿಯವರೆಗೂ, ಸೈಕಲ್ ಮೇಲೆ ಕುಳಿತವರವರೆಗೂ ಒರಟಾಗಿ ಹೋಯಿತು. ಜನರ ನಡುವೆ ಒಂದು ಗುಜುಗುಜು ಎದ್ದಿತು. ಇದು ಸಂಗೀತ ಟೀಚರ ದನಿಯೇನು ಎಂದು ಯಾರೋ ಪಕ್ಕದವರನ್ನು ಕೇಳಿದರು. ನಾಲ್ಕು ಸ್ವರದ ಸಾಲು ಅದು, ಬೇಕೆಂದೇ ಅದನ್ನು ಹಾಗೆ ಹೊಸದಾಗಿ ಕೂಡಿಸಿದ್ದಳು. ಅವಳು ನಿಲ್ಲಿಸಿದಲ್ಲಿಂದ ಮಕ್ಕಳು ಎತ್ತಿಕೊಂಡು ಮೇಲಕ್ಕೆ ಹೋದರು. ಎರಡನೆಯ ಚರಣದಲ್ಲಿ ಒಂದು ಕಡೆ ಜಾರಿದರು. ಭುವನಾ ಪೆಟ್ಟಿಗೆಯಲ್ಲಿ ಸ್ವರವನ್ನು ಒತ್ತಿ ಹಿಡಿದು ಕಾದಳು. ಹುಡುಕಿಕೊಂಡು ಅಲ್ಲಿಗೇ ಬಂದರು.

ಹಿಂದೆ, ಬೇವಿನ ಮರದ ಹತ್ತಿರ, ವೆಂಕಟಲಕ್ಷ್ಮಮ್ಮ ನಿಂತಿದ್ದಳು. ಪಕ್ಕದಲ್ಲಿ ಚಿಕ್ಕಣ್ಣ, ಹೆಗಲ ಮೇಲೆ ಕಂಬಳಿ. ಹಾಡು ಮುಗಿದ ಮೇಲೆ ಮಾತಾಡಿಸದೆಯೇ ಹೋದರು.

ಮುರುಗೇಶನ್ ಮಾರನೆಯ ವಾರ ಶಶಿರೇಖಾಳನ್ನು ಕರೆಸಿದರು. ಮುಂದಿನ ವರ್ಷದ ಪಟ್ಟಿಗೆ ಅವಳ ಹೆಸರು ಕಳಿಸುತ್ತಿದ್ದೇನೆ ಎಂದರು. ಕಾಗದದ ವಿಷಯ ಮರೆತಿಲ್ಲ ಎಂದೂ ಸೇರಿಸಿದರು. ಮರೆಯುವುದು ಬೇಡ ಸಾರ್ ಎಂದಳು ಅವಳು.

ಏಪ್ರಿಲ್ ಮೊದಲ ವಾರ ಧರ್ಮಪುರಿಯ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿ ನೋಡಿದರು. ಒಂದು ಊತ ಕರಗಿತ್ತು, ಇನ್ನೊಂದು ಅರ್ಧಕ್ಕೆ ಇಳಿದಿತ್ತು. ಆಪರೇಷನ್ ಬೇಡ, ದಿನಕ್ಕೆ ಐದು ನಿಮಿಷ ಮೆಲ್ಲಗೆ ಹಾಡಬಹುದು ಎಂದರು. ಆ ಸುದ್ದಿ ಹೇಳಲು ವೆಂಕಟಲಕ್ಷ್ಮಮ್ಮ ತಾನೇ ಮಗಳ ಜೊತೆ ಶಾಲೆಗೆ ಬಂದಳು. ಪರೀಕ್ಷೆ ಮುಗಿದು ತರಗತಿ ಖಾಲಿಯಿತ್ತು. ಅವಳು ಮುಂದಿನ ಬೆಂಚಿನಲ್ಲಿ, ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು ಕುಳಿತಳು.

"ನಾನಿಲ್ಲೇ ಇರ್ತೀನಿ ಟೀಚರಮ್ಮ. ನನ್ ಎದುರಿಗೇ ಆಡ್ಲಿ."

ಇರಿ ಎಂದಳು ಶಶಿರೇಖಾ. ಶ್ರುತಿ ಹಿಡಿದಳು. ಭುವನಾ ಉಸಿರೆಳೆದುಕೊಂಡು, ಹೆದರಿ ಬಿಟ್ಟು, ಮತ್ತೆ ಎಳೆದುಕೊಂಡು ಹಾಡಿದಳು. ದನಿ ಬಂತು. ಮೊದಲಿನದಲ್ಲ. ಸ್ವಲ್ಪ ಮಂದ, ಸ್ವಲ್ಪ ಮಾಸಲು; ಮೇಲಿನ ಎರಡು ಸ್ವರ ಇರಲಿಲ್ಲ. ಹುಡುಗಿ ಅಲ್ಲಿಗೆ ಹೋಗಲು ಕತ್ತು ಚಾಚಿದಾಗ ಶಶಿರೇಖಾ ಪೆಟ್ಟಿಗೆ ನಿಲ್ಲಿಸಿದಳು. ಅಲ್ಲಿಗೆ ಈಗ ಬೇಡ ಎಂದು ಶ್ರುತಿಯನ್ನು ಎರಡು ಮನೆ ಕೆಳಗೆ ಇಳಿಸಿದಳು. ಇಳಿಸಿದಲ್ಲಿ ದನಿ ನೆಮ್ಮದಿಯಾಗಿ ನಿಂತಿತು. ವೆಂಕಟಲಕ್ಷ್ಮಮ್ಮ ಕಣ್ಣು ಮುಚ್ಚಿದ್ದಳು.

ಐದು ನಿಮಿಷವಾದಾಗ ಶಶಿರೇಖಾ ಪೆಟ್ಟಿಗೆಯ ತಿದಿಯ ಕೊಕ್ಕೆ ಹಾಕಿದಳು. ಇನ್ನೊಂದು ಸಾಲು ಟೀಚರ್ ಎಂದಳು ಭುವನಾ. ಶಶಿರೇಖಾ ಬೇಡ ಎಂದು ತಲೆಯಾಡಿಸಿದಳು. ಹುಡುಗಿ ಮುಖ ಊದಿಸಿಕೊಂಡು ತಾಯಿಯ ಕಡೆ ನೋಡಿದಳು.

"ಟೀಚರ್ ಯೋಳ್ದಂಗೆ ಕೇಳು," ಎಂದಳು ವೆಂಕಟಲಕ್ಷ್ಮಮ್ಮ.